ಕಾಯಕ ಕೈಬಿಡದೆ ಓದು, ತಂಗಿ

ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೀ. ಯಹೂದಿ ತತ್ತ್ವಚಿಂತನೆಯ ಮೇಲೆ ಪಿಎಚ್‌ಡಿ ಮಾಡಬೇಕು, ಮುಂದೆ ಕಾಲೇಜಿನಲ್ಲಿ ಪಾಠ ಹೇಳಬೇಕು ಎಂದು ಮನಸ್ಸು ಮಾಡಿದ್ದೀ. ಬಬಲೇಶ್ವರದ ನಿನ್ನ ಸೋದರಮಾವ ಬಿ.ಇಡಿ. ಮಾಡಿಸಿರಿ ಅನ್ನುತ್ತಾನೆ. ನಿಮ್ಮಪ್ಪ ನನ್ನನ್ನು ಕೇಳಿದ್ದು ಒಂದೇ ಮಾತು: "ಇದರಾಗ ಹೊಟ್ಟಿ ತುಂಬತೈತೇನ್ರಿ ಸರ್?" ಆ ಪ್ರಶ್ನೆಯನ್ನು ಸಣ್ಣದೆಂದು ತಿಳಿಯಬೇಡ ತಂಗಿ. ಟಿಕೋಟಾದ ದ್ರಾಕ್ಷಿ ತೋಟದ ಸಾಲ ತೀರಿಸುತ್ತಲೇ ನಿನ್ನನ್ನು ಇಲ್ಲಿವರೆಗೆ ಓದಿಸಿದ ಮನುಷ್ಯ ಅವನು. ಅಷ್ಟೇ ಅಲ್ಲ, ನೀನು ಓದಬೇಕೆಂದಿರುವ ಮೈಮೊನಿಡಿಸ್ ಕೂಡ ಆ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಎತ್ತಿಕೊಂಡವನು.

ಮೈಮೊನಿಡಿಸ್ ಸ್ಪೇನಿನ ಕಾರ್ಡೋಬಾದಲ್ಲಿ 1138ರಲ್ಲಿ ಹುಟ್ಟಿದ. ನಮ್ಮ ಬಾಗೇವಾಡಿಯ ಬಸವಣ್ಣನವರ ಕಾಲದವನೇ. ಯಹೂದಿ ಧರ್ಮದ ಕಟ್ಟಳೆಗಳನ್ನೆಲ್ಲ ಒಂದೆಡೆ ಕೂಡಿಸಿ 'ಮಿಶ್ನೆ ತೋರಾ' ಎಂಬ ಗ್ರಂಥ ಬರೆದ. ಅದರಲ್ಲಿ ವಿದ್ಯಾಭ್ಯಾಸದ ನಿಯಮಗಳಿಗೆ ಒಂದು ಭಾಗ ಮೀಸಲಿದೆ. ದುಡಿಮೆ ಬಿಟ್ಟು, ಶಾಸ್ತ್ರ ಓದುತ್ತ ಜನರ ದಾನದ ಮೇಲೆ ಬದುಕುತ್ತೇನೆಂದು ಹೊರಟವನು ದೇವರ ಹೆಸರಿಗೇ ಕಳಂಕ ತರುತ್ತಾನೆ ಎಂದು ಅಲ್ಲಿ ಕಟುವಾಗಿ ಹೇಳುತ್ತಾನೆ. ಯಹೂದಿಗಳ ಹಳೆಯ ಗುರುಗಳಲ್ಲಿ ಕಟ್ಟಿಗೆ ಕಡಿದವರಿದ್ದರು, ಚಪ್ಪಲಿ ಹೊಲಿದವರಿದ್ದರು, ಕಮ್ಮಾರರಿದ್ದರು. ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳನ್ನು ಕೇಳುತ್ತಲೇ ಬೆಳೆದ ನಿನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ವಾದ ಅಲ್ಲಿಗೇ ಮುಗಿಯಲಿಲ್ಲ. 16ನೆಯ ಶತಮಾನದ ಯೋಸೆಫ್ ಕಾರೋ ಎಂಬ ದೊಡ್ಡ ಪಂಡಿತ ಈ ಮಾತನ್ನು ಒಪ್ಪಲಿಲ್ಲ. ಓದುವವರಿಗೆ ಸಮಾಜ ಆಧಾರ ಕೊಡದಿದ್ದರೆ ವಿದ್ಯೆಯೇ ಅಳಿದುಹೋಗುತ್ತಿತ್ತು ಎಂಬುದು ಅವನ ನಿಲುವು. ಇಬ್ಬರದೂ ನಿಜವೆಂದೇ ನನ್ನ ಅಭಿಪ್ರಾಯ. ಇವತ್ತಿನ ಸಂಶೋಧನಾ ವೇತನ, ಪ್ರಾಧ್ಯಾಪಕನ ಸಂಬಳ ಎಲ್ಲ ಕಾರೋ ಹೇಳಿದ ಬದಿಯವು. ಅವನ್ನು ನಾಚಿಕೆಯಿಲ್ಲದೆ ತೆಗೆದುಕೋ. ಅವು ಸಿಗದ ವರ್ಷಗಳಲ್ಲಿ ಮೈಮೊನಿಡಿಸ್‌ನ ಮಾತು ನಿನ್ನ ಕೈಹಿಡಿಯಬೇಕು.

ಅವನ ಬದುಕನ್ನಾದರೂ ನೋಡು. ಮತಾಂಧ ಆಳ್ವಿಕೆಯ ಕಾಟಕ್ಕೆ ಮನೆಯವರು ಊರು ಬಿಟ್ಟು, ದೇಶ ತಿರುಗಿ, ಕೊನೆಗೆ ಈಜಿಪ್ಟಿನ ಫುಸ್ತಾತ್‌ನಲ್ಲಿ ನೆಲೆನಿಂತರು. ತಮ್ಮ ಡೇವಿಡ್ ವ್ಯಾಪಾರ ಮಾಡಿ ಮನೆ ನಡೆಸುತ್ತಿದ್ದ. ಅಣ್ಣ ಓದುತ್ತಿದ್ದ, ಬರೆಯುತ್ತಿದ್ದ. ಆ ತಮ್ಮ ಭಾರತದ ಕಡೆಯ ವ್ಯಾಪಾರಕ್ಕೆ ಹೊರಟಾಗ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಮನೆಯ ಹಣವೂ ಬೇರೆಯವರ ಹಣವೂ ಅವನ ಜೊತೆಗೇ ಹೋಯಿತು. ಉಳಿದವರು ಅವನ ಹೆಂಡತಿ ಮತ್ತು ಸಣ್ಣ ಮಗಳು. ಮೈಮೊನಿಡಿಸ್ ಒಂದು ವರ್ಷದ ಹತ್ತಿರ ಹಾಸಿಗೆ ಹಿಡಿದು ಮಲಗಿದ. ಎದ್ದ ಮೇಲೆ ವೈದ್ಯವೃತ್ತಿಯಿಂದ ಮನೆ ನಡೆಸಿದ, ಮುಂದೆ ಸುಲ್ತಾನನ ಆಸ್ಥಾನದ ವೈದ್ಯನಾದ.

ಅವನ ದೊಡ್ಡ ತತ್ತ್ವಗ್ರಂಥವನ್ನು ಹೀಬ್ರೂಗೆ ತರುತ್ತಿದ್ದ ಇಬ್ನ್ ತಿಬ್ಬೋನ್ ಎಂಬ ವಿದ್ವಾಂಸ, ನಿಮ್ಮನ್ನು ಕಂಡು ಮಾತಾಡಲು ಬರುತ್ತೇನೆಂದು ಬರೆದಾಗ ಮೈಮೊನಿಡಿಸ್ 1199ರಲ್ಲಿ ಕೊಟ್ಟ ಉತ್ತರ ಉಳಿದಿದೆ. ಬೆಳಗ್ಗೆಯೇ ಕೈರೋದ ಅರಮನೆಗೆ ಹೋಗಬೇಕು, ಮಧ್ಯಾಹ್ನ ಹಸಿದು ಮನೆಗೆ ಬಂದರೆ ಪಡಸಾಲೆ ತುಂಬ ರೋಗಿಗಳು, ಎರಡು ತುತ್ತು ಉಂಡು ಅವರನ್ನು ನೋಡಲು ಕೂತರೆ ರಾತ್ರಿಯಾಗುತ್ತದೆ, ದಣಿವಿಗೆ ಮಲಗಿಕೊಂಡೇ ಔಷಧಿ ಹೇಳುತ್ತೇನೆ. ಬಂದರೂ ನಿಮ್ಮ ಜೊತೆ ಒಂದು ಗಳಿಗೆ ಏಕಾಂತದಲ್ಲಿ ಕೂರುವುದು ಆಗದು, ಎಂಬುದು ಅದರ ಸಾರ. ಎಂಟು ನೂರು ವರ್ಷದಿಂದ ಜಗತ್ತು ಓದುತ್ತಿರುವ ಪುಸ್ತಕಗಳನ್ನು ಬರೆದವನ ದಿನಚರಿ ಇದು. ಓದಲು ಪುರುಸೊತ್ತು ಸಿಗುವ ಹುದ್ದೆ ಬಂದ ಮೇಲೆ ಓದುತ್ತೇನೆ ಎಂದು ಮಾತ್ರ ಎಂದೂ ಹೇಳಬೇಡ.

ನಮ್ಮ ಊರಿಗೇ ಬರೋಣ. ಫ.ಗು. ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ, ಕಾನೂನು ಪದವಿ ಪಡೆದು, ವಿಜಯಪುರಕ್ಕೆ ವಕೀಲಿ ಮಾಡಲು ಬಂದವರು. ವಿಶ್ವವಿದ್ಯಾಲಯದಲ್ಲಿ ಅವರಿಗೆ ಕುರ್ಚಿ ಇರಲಿಲ್ಲ, ಗೈಡ್ ಇರಲಿಲ್ಲ, ಫೆಲೋಶಿಪ್ ಇರಲಿಲ್ಲ. ಮಠಗಳಲ್ಲಿ, ಮನೆಗಳ ಜಗಲಿ ಮೇಲೆ ಪೂಜೆಗೊಳ್ಳುತ್ತಿದ್ದ ವಚನಗಳ ತಾಡೋಲೆಗಳನ್ನು ಊರೂರು ತಿರುಗಿ ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಧಾರವಾಡದ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1956ರಲ್ಲಿ. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. ಇವತ್ತು ವಚನದ ಮೇಲೆ ಪಿಎಚ್‌ಡಿ ಪಡೆದ ಪ್ರತಿಯೊಬ್ಬರೂ ಆ ವಕೀಲರ ಋಣದಲ್ಲಿದ್ದಾರೆ.

ಈ ಕಥೆಯನ್ನು ಕೇಳಿ ಬಡತನವೇ ವಿದ್ಯೆಯ ಗುರುತು ಅಂದುಕೊಳ್ಳಬೇಡ. ಸಂಬಳದ ಹುದ್ದೆಯಲ್ಲಿದ್ದೂ ದೊಡ್ಡ ಕೆಲಸ ಮಾಡಿದವರು ಇದೇ ಜಿಲ್ಲೆಯ ನೆಲದಲ್ಲಿದ್ದಾರೆ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಯೂ ಆಗಿ, ಇಂಡಿ ತಾಲೂಕಿನ ನಿಂಬಾಳದಲ್ಲಿ ಸಾಧನೆ ಮಾಡಿದರು. ಗ್ರೀಕ್ ತತ್ತ್ವಜ್ಞಾನವನ್ನೂ ಉಪನಿಷತ್ತನ್ನೂ ಒಟ್ಟಿಗೆ ಬಲ್ಲವರು. ನಿಮ್ಮ ಟಿಕೋಟಾ ತಾಲೂಕಿನದೇ ಬಿಜ್ಜರಗಿಯಲ್ಲಿ ರೈತರ ಮನೆಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಕೊಲ್ಲಾಪುರದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿದವರು. ಅವರು ಯಾವ ಹುದ್ದೆಗೂ ಹೋಗಲಿಲ್ಲ. ಬೆಳಗಿನ ಜಾವದಲ್ಲಿ ಹಳ್ಳಿಯ ಬಯಲಲ್ಲಿ ಕೂತ ಜನಕ್ಕೆ ಅತಿ ಕಠಿಣ ವಿಚಾರವನ್ನು ಮನೆಮಾತಿನಲ್ಲಿ ಹೇಳಿದರು. ನಿಮ್ಮಮ್ಮ ಆ ಪ್ರವಚನ ಕೇಳಿದ್ದಾಳೆ. ತತ್ತ್ವಶಾಸ್ತ್ರ ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲವೆಂದು ತಿಳಿಯಬೇಡ.

ಈಗ ನಿಮ್ಮಪ್ಪನ ಲೆಕ್ಕಕ್ಕೆ ಕೂರೋಣ. ಕಾಲೇಜು ಅಧ್ಯಾಪಕಿಯಾಗಲು ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು. ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಪಿಎಚ್‌ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ. ತತ್ತ್ವಶಾಸ್ತ್ರಕ್ಕೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಪರಿಷತ್ತೊಂದಿದೆ, ಐಸಿಪಿಆರ್. ಅದೂ ಫೆಲೋಶಿಪ್ ಕೊಡುತ್ತದೆ. 2022ರ ಯುಜಿಸಿ ನಿಯಮದಂತೆ ಪಿಎಚ್‌ಡಿಗೆ ಕಡಿಮೆಯೆಂದರೆ ಮೂರು ವರ್ಷ, ಹೆಚ್ಚೆಂದರೆ ಆರು. ಮಹಿಳೆಯರಿಗೆ ಇನ್ನೆರಡು ವರ್ಷ ಕೊಡಬಹುದು, 240 ದಿನದ ಹೆರಿಗೆ ಮತ್ತು ಶಿಶುಪಾಲನಾ ರಜೆಯೂ ಉಂಟು. ಮನೆಯಲ್ಲಿ ಮದುವೆ ಮಾತು ಬಂದಾಗ ಈ ನಿಯಮ ನಿನ್ನ ಬಾಯಲ್ಲಿರಲಿ. ಮದುವೆಯಾದರೆ ಓದು ನಿಂತಿತು ಎಂಬ ಮಾತಿಗೆ ಕಾಗದದ ಮೇಲೇ ಉತ್ತರವಿದೆ.

ಇನ್ನು ಕಹಿಯಾದದ್ದು. ನಮ್ಮ ರಾಜ್ಯದ ಪದವಿ ಕಾಲೇಜುಗಳಲ್ಲಿ ತತ್ತ್ವಶಾಸ್ತ್ರ ಇರುವ ಕಡೆ ಬಹಳ ಕಡಿಮೆ. ಹುದ್ದೆಗಳಿಗೆ ಅರ್ಜಿ ಕರೆಯುವುದೂ ವರ್ಷಗಟ್ಟಲೆ ಕಾಯಿಸಿ. ಪಿಎಚ್‌ಡಿ ಆದವರೂ ಅತಿಥಿ ಉಪನ್ಯಾಸಕರಾಗಿ, ಮುಂದಿನ ವರ್ಷ ಕರೆ ಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ತಲೆ ಹಣ್ಣು ಮಾಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಓದಿನಲ್ಲಿ ಕಡಿಮೆಯಾದವರಲ್ಲ. ಆದ್ದರಿಂದ ನಿನ್ನ ಸೋದರಮಾವನ ಮಾತನ್ನು ತಳ್ಳಿಹಾಕಬೇಡ. ಬಿ.ಇಡಿ. ಮಾಡು, ಇಲ್ಲವೆ ಕೆಪಿಎಸ್‌ಸಿ ಬರೆ, ಇಲ್ಲವೆ ತೋಟದ ಲೆಕ್ಕಪತ್ರ ಮತ್ತು ಒಣದ್ರಾಕ್ಷಿ ವ್ಯಾಪಾರವನ್ನೇ ಚೆನ್ನಾಗಿ ಕಲಿ. ಯಹೂದಿ ದಾರ್ಶನಿಕ ಸ್ಪಿನೋಜಾ ಮಸೂರ ಉಜ್ಜಿ ಬದುಕಿದ. 1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಪ್ರಾಧ್ಯಾಪಕ ಪದವಿಗೆ ಕರೆದಾಗ, ರಾಜ್ಯದ ಧರ್ಮಕ್ಕೆ ಧಕ್ಕೆಯಾಗದಂತೆ ಎಷ್ಟು ದೂರ ವಿಚಾರ ಮಾಡಬಹುದೋ ತಿಳಿಯದು ಎಂದು ವಿನಯದಿಂದ ಬೇಡವೆಂದ. ಹಾಗೆ ಬೇಡವೆನ್ನುವ ಧೈರ್ಯ ಬಂದದ್ದು ಕೈಯಲ್ಲೊಂದು ಕಸುಬು ಇದ್ದುದರಿಂದ, ಬೆನ್ನಿಗೆ ನಿಂತ ಗೆಳೆಯರಿಂದ. ಬೇರೆ ಗಳಿಕೆಯಿದ್ದವಳು ಗೈಡ್ ಮುಂದೆಯೂ ತಲೆಯೆತ್ತಿ ಮಾತಾಡುತ್ತಾಳೆ.

ಗೈಡ್ ವಿಚಾರ ಬಂತಲ್ಲ, ಅದನ್ನೂ ಹೇಳುತ್ತೇನೆ. ಹೆಸರು ನೋಡಿ ಗೈಡ್ ಹಿಡಿಯಬೇಡ. ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರ ಪ್ರಬಂಧಗಳು ಶೋಧಗಂಗಾದಲ್ಲಿ ಸಿಗುತ್ತವೆ, ಕೂತು ಓದು. ಎರಡು ಪ್ರಬಂಧ ಓದಿದರೆ ಸಾಕು, ಆ ಗೈಡ್ ವಿದ್ಯಾರ್ಥಿಯ ಪುಟಗಳನ್ನು ನಿಜವಾಗಿ ಓದುತ್ತಾರೋ ಬರೀ ಸಹಿ ಹಾಕುತ್ತಾರೋ ತಿಳಿಯುತ್ತದೆ. ಮನೆಗೆಲಸ ಹೇಳುವವರು, ಸಹಿಗೆ ದುಡ್ಡು ಕೇಳುವವರು, ಹೆಣ್ಣುಮಕ್ಕಳೊಂದಿಗೆ ಸರಿಯಾಗಿ ನಡೆದುಕೊಳ್ಳದವರು ಸಿಕ್ಕರೆ ಅವತ್ತೇ ಬಿಟ್ಟು ಬಾ, ವರ್ಷ ಹೋದರೂ ಹೋಗಲಿ. ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಹಾಕುವ ಜರ್ನಲ್‌ಗಳ ಬಾಗಿಲಿಗೆ ಹೋಗಬೇಡ. ಬೇರೆಯವರ ಒಂದು ಸಾಲನ್ನೂ ನಿನ್ನದೆಂದು ಬರೆಯಬೇಡ. ಈ ವಿಷಯದಲ್ಲಿ ನನ್ನದು ಕಲ್ಲು ಮನಸ್ಸು.

ಓದಿನ ಕ್ರಮಕ್ಕೆ ಬರುತ್ತೇನೆ. ಮೈಮೊನಿಡಿಸ್‌ನ ತತ್ತ್ವಗ್ರಂಥ, ಗೊಂದಲಕ್ಕೆ ಬಿದ್ದವರಿಗೆ ದಾರಿ ತೋರುವ ಪುಸ್ತಕ ಎಂಬರ್ಥದ ಹೆಸರಿನದು, ಹುಟ್ಟಿದ್ದು ಒಬ್ಬ ಶಿಷ್ಯನಿಗಾಗಿ. ಯೋಸೆಫ್ ಎಂಬ ಆ ಹುಡುಗ ಗಣಿತ, ಖಗೋಳ, ತರ್ಕ ಕಲಿತು ಆಮೇಲೆ ದೇವರ ವಿಚಾರಕ್ಕೆ ಅವಸರಪಟ್ಟ. ಗುರು ಅವಸರ ಬೇಡ, ಕ್ರಮವಾಗಿ ಬಾ ಎಂದ. ಶಿಷ್ಯ ದೂರದೂರಿಗೆ ಹೋದ ಮೇಲೆ ಗುರು ಅಧ್ಯಾಯಗಳನ್ನು ಬರೆದು ಬರೆದು ಕಳಿಸಿದ. ನಿನ್ನ ಕ್ರಮದಲ್ಲಿ ಮೊದಲಿನದು ಭಾಷೆ. ಇಂಗ್ಲಿಷ್ ಅನುವಾದವನ್ನಷ್ಟೇ ಓದಿ ಪ್ರಬಂಧ ಬರೆದರೆ ಪದವಿ ಬರುತ್ತದೆ, ವಿದ್ವತ್ತು ಬರುವುದಿಲ್ಲ. ನಿಮ್ಮ ತೋಟದಲ್ಲಿ ಬಳ್ಳಿ ಸವರಿ ಏಪ್ರಿಲ್ ಚಾಟ್ನಿ ಮಾಡುತ್ತೀರಲ್ಲ, ಆಗ ಒಂದು ಗೊನೆಯೂ ಕೈಗೆ ಬರುವುದಿಲ್ಲ, ಬರೀ ಕಡ್ಡಿ ಬಲಿಯುತ್ತದೆ. ಹಣ್ಣು ಕಟ್ಟುವುದು ಅಕ್ಟೋಬರ್ ಚಾಟ್ನಿಯ ಮೇಲೆ. ಭಾಷೆ ಕಲಿಯುವ ಎರಡು ವರ್ಷ ಹಾಗೆಯೇ. ಸಿನಾಪ್ಸಿಸ್ ಎಲ್ಲಿಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ, ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ತಡೆದುಕೋ.

ಯಾವ ಭಾಷೆ? ಮೈಮೊನಿಡಿಸ್ ಆ ಗ್ರಂಥ ಬರೆದದ್ದು ಅರಬ್ಬಿಯಲ್ಲಿ, ಹೀಬ್ರೂ ಅಕ್ಷರ ಬಳಸಿ. ಹೀಬ್ರೂ ಅಕ್ಷರ 22, ಮನಸ್ಸಿಟ್ಟರೆ ಬೇಗ ಬರುತ್ತದೆ. ಅರಬ್ಬಿಗೆ ವರ್ಷಗಳು ಬೇಕು, ಆದರೆ ಅದನ್ನು ಕಲಿಯಲು ನೀನು ಜೆರುಸಲೇಮಿಗೆ ಹೋಗಬೇಕಿಲ್ಲ. ಗೋಳಗುಮ್ಮಟದ ಊರಿನಲ್ಲಿ ಅರಬ್ಬಿ ಬಲ್ಲ ಮೌಲ್ವಿಗಳಿದ್ದಾರೆ, ಕಲಿತ ಹೆಣ್ಣುಮಕ್ಕಳೂ ಇದ್ದಾರೆ. ಒಂದು ಕಾಲಕ್ಕೆ ಇಲ್ಲಿನ ಅಸರ್ ಮಹಲಿನಲ್ಲಿ ಅರಬ್ಬಿ, ಪಾರಸಿ ಹಸ್ತಪ್ರತಿಗಳ ದೊಡ್ಡ ಭಂಡಾರವೇ ಇತ್ತು. 19ನೆಯ ಶತಮಾನದ ನಡುವೆ ಅವು ಲಂಡನ್ನಿಗೆ ಹೋದವು. ಇಬ್ನ್ ತಿಬ್ಬೋನ್‌ಗೆ ಬರೆದ ಅದೇ ಪತ್ರದಲ್ಲಿ ಮೈಮೊನಿಡಿಸ್, ತರ್ಕಶಾಸ್ತ್ರ ಓದುವುದಾದರೆ ಅಲ್ ಫಾರಾಬಿಯನ್ನೇ ಓದು ಎನ್ನುತ್ತಾನೆ. ಫಾರಾಬಿ ಮುಸ್ಲಿಂ ದಾರ್ಶನಿಕ. ಯಹೂದಿ ತತ್ತ್ವದ ದೊಡ್ಡ ಕಾಲವೊಂದು ಇಸ್ಲಾಮಿನ ಅಂಗಳದಲ್ಲೇ ಬೆಳೆಯಿತು. ಇವತ್ತಿನ ಪ್ಯಾಲೆಸ್ತೀನ್ ಸುದ್ದಿ ನೋಡಿ ಯಾರಾದರೂ ನಿನ್ನನ್ನು "ನೀನು ಯಾವ ಪಾರ್ಟಿ?" ಎಂದು ಕೇಳಿದರೆ ಸಿಡುಕದೆ ಈ ಸಂಗತಿ ಹೇಳು. ಒಂದು ದೇಶದ ರಾಜಕಾರಣ ಬೇರೆ, ಎರಡು ಸಾವಿರ ವರ್ಷದ ಚಿಂತನೆ ಬೇರೆ. ಅನ್ಯಾಯ ಕಂಡಾಗ ಅನ್ಯಾಯವೆನ್ನಲು ನಿನ್ನ ಓದು ಎಂದೂ ಅಡ್ಡ ಬರಬಾರದು.

ಪುಸ್ತಕಕ್ಕೆ ಹಣವಿಲ್ಲವೆಂಬ ಚಿಂತೆ ಈಗ ಅಷ್ಟು ಬೇಡ. ಸೆಫಾರಿಯಾ ಎಂಬ ಜಾಲತಾಣದಲ್ಲಿ ಯಹೂದಿ ಮೂಲಗ್ರಂಥಗಳು ಪುಕ್ಕಟೆ ಸಿಗುತ್ತವೆ. ಫುಸ್ತಾತ್‌ನ ಹಳೆಯ ಯಹೂದಿ ಪ್ರಾರ್ಥನಾಮಂದಿರದಲ್ಲಿ ದೇವರ ಹೆಸರಿರುವ ಕಾಗದವನ್ನು ಸುಡಬಾರದೆಂದು ಶತಮಾನಗಳ ಕಾಲ ಒಂದು ಕೋಣೆಯಲ್ಲಿ ತುಂಬಿಟ್ಟಿದ್ದರು. ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸ 1896–97ರಲ್ಲಿ ಅಲ್ಲಿಗೆ ಹೋಗಿ, ಧೂಳು ಕುಡಿಯುತ್ತ, 1,90,000ದಷ್ಟು ಚೂರುಗಳನ್ನು ಕೇಂಬ್ರಿಜ್‌ಗೆ ತಂದ. ಅವುಗಳಲ್ಲಿ ಮೈಮೊನಿಡಿಸ್‌ನ ಕೈಬರಹವೇ ಇದೆ. ಆ ಕೋಣೆಯ ಕಾಗದಗಳಿಂದಲೇ ನಮಗೆ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಥೆ ತಿಳಿದದ್ದು. ಅವನು 12ನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ಹದಿನೇಳು ವರ್ಷದ ಹತ್ತಿರ ಇದ್ದು, ಅಲ್ಲಿ ಕಂಚಿನ ಪಾತ್ರೆಗಳ ಕೆಲಸ ನಡೆಸಿದ್ದ. ಆ ಕಾಗದಗಳ ಚಿತ್ರಗಳನ್ನು ನೀನು ಟಿಕೋಟಾದಲ್ಲಿ ಮೊಬೈಲ್ ಹಿಡಿದು ಕೂತೇ ನೋಡಬಹುದು. ಹಿಲೆಲ್ ಎಂಬ ಗುರುವಿನ ಬಗ್ಗೆ ತಾಲ್ಮುದ್ ಎಂಬ ಯಹೂದಿ ಗ್ರಂಥದಲ್ಲಿ ಒಂದು ಕಥೆಯಿದೆ: ದಿನದ ಕೂಲಿಯಲ್ಲಿ ಅರ್ಧವನ್ನು ಪಾಠಶಾಲೆಯ ಕಾವಲುಗಾರನಿಗೆ ಕೊಟ್ಟು ಒಳಗೆ ಹೋಗುತ್ತಿದ್ದ, ಕೂಲಿ ಸಿಗದ ದಿನ ಮಾಳಿಗೆ ಹತ್ತಿ ಬೆಳಕಿಂಡಿಗೆ ಕಿವಿಗೊಟ್ಟು ಕೂತವನ ಮೇಲೆ ಹಿಮ ಮುಚ್ಚಿಹೋಯಿತು. ನಿನ್ನ ಬಾಗಿಲಲ್ಲಿ ಆ ಕಾವಲುಗಾರ ಇಲ್ಲ.

ವಿಷಯದ ಆಯ್ಕೆ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ. ನಿನ್ನ ಮನಸ್ಸಿನಲ್ಲಿರುವುದು ಮೈಮೊನಿಡಿಸ್ ಮತ್ತು ಅಲ್ಲಮಪ್ರಭು. ಆಸೆ ಹುಟ್ಟಿಸುವ ಜೋಡಿ. ದೇವರು ಬಲ್ಲವನು, ಬಲಶಾಲಿ ಎಂದಾಗ ಮನುಷ್ಯನ ಗುಣವನ್ನೇ ಹಿಗ್ಗಿಸಿ ದೇವರಿಗೆ ಹೊದಿಸುತ್ತೇವೆ, ಆದ್ದರಿಂದ ದೇವರು ಏನಲ್ಲವೆಂದಷ್ಟೇ ಹೇಳಬಹುದು, ಕೊನೆಗೆ ಮೌನವೇ ಸ್ತುತಿ ಎನ್ನುತ್ತಾನೆ ಮೈಮೊನಿಡಿಸ್. ಕೇಳಿದೊಡನೆ ಅಲ್ಲಮರ ಬಯಲು ನೆನಪಾಗುತ್ತದೆ. ಆದರೆ ಇಬ್ಬರೂ ಒಂದೇ ಹೇಳಿದರು ಎಂದು ಬರೆದೆಯೋ, ಇಬ್ಬರನ್ನೂ ಕಳೆದುಕೊಂಡೆ. ಮೈಮೊನಿಡಿಸ್ ಅರಿಸ್ಟಾಟಲನ ತರ್ಕ ಹಿಡಿದು ಬರುತ್ತಾನೆ; ಸೃಷ್ಟಿಸಿದವನಿಗೂ ಸೃಷ್ಟಿಗೂ ನಡುವಿನ ಅಂತರ ಅವನಲ್ಲಿ ಎಂದೂ ಮುಚ್ಚುವುದಿಲ್ಲ. ಅಲ್ಲಮರು ಅನುಭಾವದಿಂದ ನುಡಿಯುತ್ತಾರೆ. ಅವರಲ್ಲಿ ಆ ಅಂತರವೇ ಕರಗುತ್ತದೆ. ಎಲ್ಲ ಧರ್ಮವೂ ಒಂದೇ ಎಂಬ ಮಾತು ಭಾಷಣಕ್ಕೆ ಚೆಂದ. ಸಂಶೋಧಕಿ ಎಲ್ಲಿ ಬೇರೆಯಾಗುತ್ತಾರೆ ಎಂಬಲ್ಲಿ ಕೂರಬೇಕು.

ನನ್ನನ್ನು ಕೇಳಿದರೆ ಇನ್ನೊಂದು ವಿಷಯ ಹೇಳುತ್ತೇನೆ: ಮಾರ್ಟಿನ್ ಬೂಬರ್ ಮತ್ತು ಹಳಕಟ್ಟಿ. ಬೂಬರ್ 1878ರಲ್ಲಿ ಹುಟ್ಟಿದ, ಹಳಕಟ್ಟಿಯವರು 1880ರಲ್ಲಿ. ಒಬ್ಬ ಮಹಾಯುದ್ಧಗಳ ನಡುವಿನ ಯುರೋಪಿನಲ್ಲಿ, ಮತ್ತೊಬ್ಬರು ಇದೇ ವಿಜಯಪುರದಲ್ಲಿ. ಪೂರ್ವ ಯುರೋಪಿನ ಬಡ ಯಹೂದಿಗಳಲ್ಲಿ ಹಬ್ಬಿದ್ದ ಹಸಿದಿ ಎಂಬ ಭಕ್ತಿಪಂಥದ ಗುರುಗಳ ಮಾತು–ಕಥೆಗಳನ್ನು ಬೂಬರ್ 1906ರಿಂದ ಕೂಡಿಸಿ ಅಚ್ಚಿಗೆ ತಂದ. ಅವನ 'ನಾನು ಮತ್ತು ನೀನು' ಎಂಬ ಪುಸ್ತಕ ಬಂದದ್ದು 1923ರಲ್ಲಿ, 'ವಚನಶಾಸ್ತ್ರಸಾರ' ಬಂದ ವರ್ಷವೇ. ಇಬ್ಬರೂ ಒಂದು ಜನಸಮುದಾಯದ ಬಾಯಲ್ಲಿ, ಓಲೆಯಲ್ಲಿ ಉಳಿದಿದ್ದ ಮಾತನ್ನು ಹೊಸ ಕಾಲದ ಓದುಗರಿಗೆ ಕೊಟ್ಟರು. ಗೆರ್ಶೋಮ್ ಶೋಲೆಮ್ ಎಂಬ ಮಹಾವಿದ್ವಾಂಸ ಮುಂದೆ ಬೂಬರ್ ಮೇಲೆ ಗಟ್ಟಿ ಆಕ್ಷೇಪ ಎತ್ತಿದ: ನೀನು ಕಥೆಗಳನ್ನು ಆರಿಸಿಕೊಂಡೆ, ಆ ಪಂಥದ ಶಾಸ್ತ್ರಗ್ರಂಥಗಳನ್ನು ಬದಿಗಿಟ್ಟೆ, ನಿನ್ನ ತತ್ತ್ವವನ್ನೇ ಅದರಲ್ಲಿ ಕಂಡೆ. ಆ ಪ್ರಶ್ನೆಯನ್ನೇ ಪೂರ್ಣ ಗೌರವದಿಂದ ಹಳಕಟ್ಟಿಯವರ ಬಗ್ಗೆಯೂ ಕೇಳಬಹುದು. ಚದುರಿದ್ದ ವಚನಗಳನ್ನು ವಿಷಯವಾರು ಜೋಡಿಸಿ, ಅದಕ್ಕೆ ಶಾಸ್ತ್ರವೆಂದು ಹೆಸರಿಟ್ಟಾಗ ವಚನಕ್ಕೆ ಏನಾಯಿತು? ಯಾವುದು ಎದ್ದು ಕಂಡಿತು, ಯಾವುದು ಹಿಂದೆ ಸರಿಯಿತು? ಜಗತ್ತಿನ ಯಾವ ದೊಡ್ಡ ವಿಶ್ವವಿದ್ಯಾಲಯದಲ್ಲಿ ಕೂತವನಿಗೂ ಇದನ್ನು ನಿನ್ನಷ್ಟು ಚೆನ್ನಾಗಿ ಕೇಳಲು ಬರುವುದಿಲ್ಲ. ಅವನಿಗೆ ಕನ್ನಡ ಬಾರದು.

ಇದನ್ನು ಹಿಡಿದರೆ ಅರಬ್ಬಿ ಬದಲು ಜರ್ಮನ್ ಕಲಿಯಬೇಕು, ಆಮೇಲೆ ಹೀಬ್ರೂ. ಎರಡೂ ವಿಷಯಕ್ಕೆ ಕೈಹಾಕಬೇಡ. ಹಳಕಟ್ಟಿಯವರ ಸಮಗ್ರ ಸಾಹಿತ್ಯವನ್ನು ಎಂ.ಎಂ. ಕಲಬುರ್ಗಿಯವರ ಮುಂದಾಳತ್ವದಲ್ಲಿ ಸಂಪುಟಗಳಾಗಿ ತಂದ ಸಂಶೋಧನಾ ಕೇಂದ್ರ ವಿಜಯಪುರದ ಬಿಎಲ್‌ಡಿಇ ವಿದ್ಯಾಸಂಸ್ಥೆಯ ಆವರಣದಲ್ಲೇ ಇದೆ. 1910ರಲ್ಲಿ ಆ ವಿದ್ಯಾಸಂಸ್ಥೆ ಹುಟ್ಟಿದ್ದೂ ಹಳಕಟ್ಟಿಯವರ ದುಡಿಮೆಯಿಂದಲೇ. ಟಿಕೋಟಾದಿಂದ ಬಸ್ ಹತ್ತಿದರೆ ತೊರವಿಯ ಮಹಿಳಾ ವಿಶ್ವವಿದ್ಯಾಲಯವೂ ದಾರಿಯಲ್ಲೇ. ಅಲ್ಲಿನ ಗ್ರಂಥಾಲಯವನ್ನೂ ನೋಡು, ಧಾರವಾಡದ ತತ್ತ್ವಶಾಸ್ತ್ರ ವಿಭಾಗಕ್ಕೂ ಹೋಗಿ ಮಾತಾಡಿ ಬಾ.

ಒಂಟಿಯಾಗಿ ಮಾತ್ರ ಓದಬೇಡ. ಯಹೂದಿ ಪಾಠಶಾಲೆಗಳಲ್ಲಿ ಇಬ್ಬರಿಬ್ಬರು ಎದುರುಬದುರು ಕೂತು, ಒಂದೇ ಪುಟವನ್ನು ಜೋರಾಗಿ ಓದಿ, ಜಗಳಾಡಿ ಅರ್ಥ ಮಾಡಿಕೊಳ್ಳುವ ರೂಢಿಯಿದೆ. ನಿನ್ನ ಜೊತೆ ಎಂ.ಎ. ಮಾಡಿದ ಒಬ್ಬಳನ್ನಾದರೂ ಹಿಡಿ, ವಾರಕ್ಕೊಮ್ಮೆ ಕೂಡಿರಿ. ಅವಳು ಒಪ್ಪದ ಮಾತನ್ನು ಪ್ರಬಂಧದಲ್ಲಿ ಬರೆಯುವ ಮೊದಲು ಎರಡು ಸಲ ಯೋಚಿಸು.

ನೆಟ್ ಅರ್ಜಿ ಕರೆದಾಗ ಕೊನೆಯ ದಿನಕ್ಕೆ ಕಾಯದೆ ತುಂಬು. ನಿಮ್ಮಪ್ಪನಿಗೆ ನಾನು ಹೇಳುತ್ತೇನೆ: ಮೂರು ವರ್ಷ ಕೊಡು, ಅಷ್ಟರಲ್ಲಿ ಜೆಆರ್‌ಎಫ್ ಆಗದಿದ್ದರೆ ಅವಳು ನೌಕರಿ ಹಿಡಿಯುತ್ತಾಳೆ, ಓದು ಸಂಜೆಗೆ ಸರಿಯುತ್ತದೆ, ನಿಲ್ಲುವುದಿಲ್ಲ. ನೀನೂ ಅದಕ್ಕೆ ಒಪ್ಪಿ ಅವನ ಮುಂದೆ ಮಾತು ಕೊಡಬೇಕು. ಬರುವ ಭಾನುವಾರ ಮನೆಗೆ ಬಾ. ಬರುವಾಗ ಮೈಮೊನಿಡಿಸ್‌ನ ಗ್ರಂಥದ ಮೊದಲ ಭಾಗದಲ್ಲಿ 50ರಿಂದ 60ರವರೆಗಿನ ಅಧ್ಯಾಯ ಓದಿಕೊಂಡು, ನಿನಗೆ ಎಲ್ಲಿ ಅರ್ಥವಾಗಲಿಲ್ಲ ಎಂಬುದನ್ನು ಎರಡು ಪುಟ ಬರೆದುಕೊಂಡು ಬಾ. ಕನ್ನಡದಲ್ಲೇ ಬರೆ, ನಿಮ್ಮಮ್ಮನಿಗೆ ಓದಿ ಹೇಳಿದರೆ ತಿಳಿಯುವಂತೆ.